ಮಗುವಾದರೆ ಎಚ್‌ಐವಿ ಮಾತ್ರೆ ತಪ್ಪಿಸದಿರುವ ಮನಸ್ಸು ಬರುತ್ತದೆಯೇ?

ಮಾತ್ರೆಗಳನ್ನು ಆಗಾಗ ತಪ್ಪಿಸುತ್ತಿರುವ ನಿಮಗೆ, ಒಂದು ಮಗುವಾದರೆ ಶಿಸ್ತು ತಾನಾಗಿಯೇ ಬಂದೀತು ಎಂಬ ಆಸೆಯಿದೆ. ಶಿಸ್ತು ಬರುತ್ತದೆ, ಆದರೆ ಅದು ಉಳಿಯುತ್ತದೆ ಎಂದು ಮಾತ್ರ ನಂಬಬೇಡಿ.

ಗರ್ಭಿಣಿಯಾಗಿದ್ದಾಗಲೇ ನನಗೆ ಸೋಂಕಿರುವುದು ತಿಳಿಯಿತು. ಚಿಕಿತ್ಸೆಯಿಲ್ಲದಿದ್ದರೆ ಬಸಿರು, ಹೆರಿಗೆ, ಎದೆಹಾಲು ಇವುಗಳ ಮೂಲಕ ಮಗುವಿಗೆ ಸೋಂಕು ತಗಲುವ ಸಾಧ್ಯತೆ ಶೇ. 15ರಿಂದ 45ರಷ್ಟಿರುತ್ತದೆ, ಚಿಕಿತ್ಸೆ ಸರಿಯಾಗಿ ನಡೆದರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ ಎಂದು ಆಪ್ತಸಮಾಲೋಚಕಿ ವಿವರಿಸಿದ ಮೇಲೆ, ವಾಂತಿಯ ನಡುವೆಯೂ ನಾನು ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಮಗಳಿಗೆ ಆರು ವಾರವಾದಾಗಲೂ, ಹಾಲು ಬಿಡಿಸಿದ ಮೇಲೆ 18ನೆಯ ತಿಂಗಳಲ್ಲಿಯೂ ಮಾಡಿದ ಪರೀಕ್ಷೆಗಳಲ್ಲಿ ಸೋಂಕು ಕಾಣಲಿಲ್ಲ.

ನಾನು ಮಾತ್ರೆ ನಿಲ್ಲಿಸಿದ್ದು ಆಮೇಲೆ. ಮರೆವಿನಿಂದಲ್ಲ, ಬೇಸರದಿಂದಲೂ ಅಲ್ಲ, ಲೆಕ್ಕ ಹಾಕಿಯೇ ನಿಲ್ಲಿಸಿದೆ. ನನ್ನ ಮಟ್ಟಿಗೆ ಅದು ನನ್ನ ಔಷಧಿಯಾಗಿರಲೇ ಇಲ್ಲ. ನನ್ನ ಮೂಲಕ ಮಗಳಿಗೆ ಸಲ್ಲುತ್ತಿದ್ದ ಔಷಧಿಯಾಗಿತ್ತು. ಹಾಲು ನಿಂತಿತು, ಮಗಳು ಪಾರಾದಳು, ಹಾಗಾದರೆ ಇನ್ನು ಯಾರಿಗಾಗಿ ಎಂದು ಯೋಚಿಸಿದೆ. ಔಷಧಿ ನಿಂತ ಕೆಲವೇ ವಾರಗಳಲ್ಲಿ ವೈರಾಣು ಮತ್ತೆ ಹೆಚ್ಚತೊಡಗುತ್ತದೆ, ಆದರೆ ಬಹುಕಾಲ ಮೈಗೆ ಅದರ ಸುಳಿವೇ ಸಿಗುವುದಿಲ್ಲ. ಆ ಆರಾಮವನ್ನೇ ನಾನು ಆರೋಗ್ಯವೆಂದು ತಿಳಿದೆ. ಕ್ಷಯ ಹಿಡಿದಾಗ ಸಿಡಿ4, ಅಂದರೆ ರೋಗದೊಡನೆ ಹೋರಾಡುವ ರಕ್ತಕಣಗಳ ಎಣಿಕೆ, ಕುಸಿದಿತ್ತು, ವೈರಾಣು ಹಳೆಯ ಔಷಧಿಗೆ ಜಗ್ಗುತ್ತಿರಲಿಲ್ಲ, ಮಗಳನ್ನು ಎತ್ತಿಕೊಳ್ಳಲಾಗದೆ ಅಕ್ಕನ ಮನೆಯಲ್ಲಿ ಬಿಡಬೇಕಾಯಿತು.

ಆದ್ದರಿಂದ ‘ಮಗುವಿಗಾಗಿಯಾದರೂ ನುಂಗು’ ಎಂಬ ಹಿತೈಷಿಗಳ ಮಾತು ನನಗೆ ಅಪಾಯಕಾರಿಯಾಗಿಯೇ ತೋರುತ್ತದೆ. ಮಗುವನ್ನು ಸೋಂಕಿನಿಂದ ಕಾಪಾಡುವ ಕೆಲಸ ಒಂದು ದಿನ ಮುಗಿಯುತ್ತದೆ, ಆಮೇಲೆ ಅದನ್ನು ಬೆಳೆಸಲು ನೀವು ಬದುಕಿರಬೇಕು. ಸಿಡಿ4 ಎಷ್ಟೇ ಇರಲಿ, ಸೋಂಕಿರುವ ಎಲ್ಲರಿಗೂ ಜೀವನಪರ್ಯಂತ ಚಿಕಿತ್ಸೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಬಸಿರು–ಬಾಣಂತನಕ್ಕೆ ಸೀಮಿತವಾದ ಮಾತಲ್ಲ.

ಶಿಸ್ತು ಬರಲೆಂದು ಮಗುವನ್ನು ಹೆರುವ ಯೋಚನೆಯನ್ನು ದಯವಿಟ್ಟು ಬಿಡಿ. ಮೊದಲು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಾಣುವಿನ ಪ್ರಮಾಣ, ಪತ್ತೆಯಾಗದ ಮಟ್ಟಕ್ಕಿಳಿದು ಅಲ್ಲಿಯೇ ನಿಲ್ಲಲಿ. ಆಗ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ತಗಲುವುದಿಲ್ಲ, ಬಸಿರಿಗೂ ಅದೇ ತಕ್ಕ ಕಾಲ. ಈಗಾಗಲೇ ತಪ್ಪಿಸಿರುವ ಮಾತ್ರೆಗಳ ವಿಷಯವನ್ನು ಮುಂದಿನ ಭೇಟಿಯವರೆಗೆ ಮುಚ್ಚಿಡದೆ ಈ ವಾರವೇ ವೈದ್ಯರಿಗೆ ಹೇಳಿ. ಬೈದರೆ ಬೈಸಿಕೊಳ್ಳಿ.