ಓದುಗರ ಪ್ರಶ್ನೆ: ಶಿಕಾಗೋ ಮೇಯರನ್ನು ಇಳಿಸಬಹುದೇ?

ಪ್ರಶ್ನೆ: ನಮ್ಮ ಮಗಳು ಶಿಕಾಗೋದಲ್ಲಿದ್ದಾಳೆ. ಅಲ್ಲಿ ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರಂತೆ. ಹಾಗಾದರೆ ಕೌನ್ಸಿಲ್ ಸದಸ್ಯರಿಗೆ ಏನು ಕೆಲಸ? ಮೇಯರ್ ಸರಿಯಿಲ್ಲ ಅನ್ನಿಸಿದರೆ ಅವಿಶ್ವಾಸ ಗೊತ್ತುವಳಿ ತಂದು ಇಳಿಸಬಹುದೇ?
— ಓದುಗರು, ಕೆ.ಆರ್. ಪುರಂ, ಹಾಸನ

ಉತ್ತರ: ಇಳಿಸಲು ಬರುವುದಿಲ್ಲ. ನಮ್ಮ ನಗರಸಭೆಗಳಲ್ಲಿ ಅಧ್ಯಕ್ಷರನ್ನು ಆರಿಸುವವರು ಸದಸ್ಯರು (ಜೊತೆಗೆ ಶಾಸಕರು, ಸಂಸದರ ಮತ). ಆದ್ದರಿಂದ ಇಳಿಸುವ ದಾರಿಯೂ ಅವರ ಕೈಯಲ್ಲೇ ಇದೆ. ಅಲ್ಲಿ ಮೇಯರ್ ನಾಲ್ಕು ವರ್ಷ ಗಟ್ಟಿ. ಸದಸ್ಯರನ್ನು ಬಸ್ಸು ಹತ್ತಿಸಿ ರೆಸಾರ್ಟಿಗೆ ಸಾಗಿಸುವ ಖರ್ಚು ಯಾರಿಗೂ ಇಲ್ಲ. ಮತದಾರರು ಅರ್ಜಿ ಹಾಕಿ ವಾಪಸ್ ಕರೆಸುವ ಅವಕಾಶವೂ ಶಿಕಾಗೋ ಮೇಯರ್ ವಿಷಯದಲ್ಲಿ ಇಲ್ಲ. ನಮ್ಮಲ್ಲಿ ಪೌರಾಯುಕ್ತರು ನಡೆಸುವ ಆಡಳಿತವನ್ನು ಅಲ್ಲಿ ಮೇಯರೇ ನಡೆಸುತ್ತಾರೆ. ಬಜೆಟ್ ಮಂಡಿಸುವುದು, ಸಭೆಯ ಅಧ್ಯಕ್ಷತೆ ವಹಿಸುವುದು ಕೂಡ ಅವರೇ.

ಆದರೆ ದುಡ್ಡಿನ ಗಂಟು ಬಿಚ್ಚಬೇಕಾದವರು ಕೌನ್ಸಿಲಿನವರು. ವಾರ್ಡು 50, ಸದಸ್ಯರೂ 50. ಅವರನ್ನು ಆಲ್ಡರ್‌ಮನ್ ಎನ್ನುವುದು ರೂಢಿ. ಲೆಕ್ಕದಲ್ಲಿ ಎರಡು ಸಂಖ್ಯೆ ನೆನಪಿಟ್ಟರೆ ಸಾಕು: ಪಾಸಾಗಲು 26 ಮತ, ಮೇಯರ್ ವೀಟೋ ಹಾಕಿದರೆ ಅದನ್ನು ಮುರಿಯಲು 34. 1983ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ನಗರದ ಮೊದಲ ಕಪ್ಪು ಮೇಯರಾದಾಗ 29 ಸದಸ್ಯರು ವಿರುದ್ಧ ನಿಂತರು, 21 ಮಂದಿ ಜೊತೆಗಿದ್ದರು. ಮೇಯರ್ ತಂದದ್ದನ್ನು 29 ಜನ ತಡೆದರು. ಅವರು ತಂದದ್ದಕ್ಕೆ ಮೇಯರ್ ವೀಟೋ ಹಾಕಿದರು, ಮುರಿಯಲು 34 ಆಗಲಿಲ್ಲ. ಈ ಜಗ್ಗಾಟ ಸಡಿಲವಾದದ್ದು 1986ರಲ್ಲಿ, ಏಳು ವಾರ್ಡುಗಳಲ್ಲಿ ವಿಶೇಷ ಚುನಾವಣೆ ನಡೆದು ಬಲ 25-25 ಆದ ಮೇಲೆ. ಸಮಬಲವಾದರೆ ನಿರ್ಣಾಯಕ ಮತ ಮೇಯರದ್ದು.

ಈಚಿನ ಉದಾಹರಣೆ ಬೇಕಿದ್ದರೆ 2024. ಮೇಯರ್ ಬ್ರಾಂಡನ್ ಜಾನ್ಸನ್ 30 ಕೋಟಿ ಡಾಲರ್ ಆಸ್ತಿ ತೆರಿಗೆ ಏರಿಕೆ ಕೇಳಿದರು. ನವೆಂಬರಿನಲ್ಲಿ ಕೌನ್ಸಿಲ್ ಅದನ್ನು 50-0 ಮತಗಳಿಂದ ತಳ್ಳಿಹಾಕಿತು. ಅವರ ಬೆಂಬಲಿಗರೂ ಕೈ ಎತ್ತಲಿಲ್ಲ. ಡಿಸೆಂಬರ್ 31ರೊಳಗೆ ಬಜೆಟ್ ಆಗಲೇಬೇಕು. ಕೊನೆಗೆ ಆ ಏರಿಕೆ ಕೈಬಿಟ್ಟ ಬಜೆಟ್ 27-23ರಲ್ಲಿ ಪಾಸಾಯಿತು.

ಇನ್ನು ಚುನಾವಣೆ. ಫೆಬ್ರವರಿಯ ಕೊನೆಯ ಮಂಗಳವಾರ ಮತದಾನ, ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬಾರದಿದ್ದರೆ ಮೊದಲಿಬ್ಬರಿಗೆ ಏಪ್ರಿಲಿನಲ್ಲಿ ಇನ್ನೊಂದು ಸುತ್ತು. 2023ರಲ್ಲಿ ಒಂಬತ್ತು ಜನ ಕಣದಲ್ಲಿದ್ದರು. ಆಗಿನ ಮೇಯರ್ ಲೋರಿ ಲೈಟ್‌ಫುಟ್ ಮೂರನೆಯವರಾಗಿ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಆ ಸುತ್ತಿನಲ್ಲಿ ಮುಂದಿದ್ದವರು ಪಾಲ್ ವಾಲಸ್; ಗೆದ್ದದ್ದು ಎರಡನೆಯ ಸ್ಥಾನದಲ್ಲಿದ್ದ ಜಾನ್ಸನ್.

ಪ್ರಶ್ನೆ: ನಮ್ಮ ಬೀದಿ ಗುಂಡಿಗೆ ವಾರ್ಡ್ ಸದಸ್ಯರ ಮನೆ ಬಾಗಿಲಿಗೇ ಹೋಗುತ್ತೇವೆ. ಅಷ್ಟು ದೊಡ್ಡ ಊರಿನಲ್ಲಿ ಏನು ಮಾಡುತ್ತಾರೆ?
— ಓದುಗರು, ಎಂ.ಜಿ. ರಸ್ತೆ, ಚಿಕ್ಕಮಗಳೂರು

ಉತ್ತರ: ಅಲ್ಲಿನ ಒಂದು ವಾರ್ಡಿನಲ್ಲಿ ಸುಮಾರು 55 ಸಾವಿರ ಜನ. ಎರಡು ವಾರ್ಡ್ ಸೇರಿಸಿದರೆ 2011ರ ಜನಗಣತಿಯ ಚಿಕ್ಕಮಗಳೂರು ಪಟ್ಟಣ ಹತ್ತಿರ ಹತ್ತಿರ ಮುಗಿಯಿತು. ಹಾಗಾಗಿ ಮೊದಲು 311ಕ್ಕೆ ಫೋನ್ ಅಥವಾ ಆ್ಯಪ್. ಹತ್ತಿರದ ಮನೆ ನಂಬರ್, ರಸ್ತೆಯ ಯಾವ ಮಗ್ಗುಲು ಎಂದು ಹೇಳಬೇಕು. ಅವರು ಕೊಡುವ ದೂರು ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಕೆಲಸ ಆಗದಿದ್ದರೆ ಆ ಸಂಖ್ಯೆ ಹಿಡಿದು ವಾರ್ಡ್ ಕಚೇರಿಗೆ. ಸಂಖ್ಯೆ ಇಲ್ಲದೆ ಹೋದರೆ ಅಲ್ಲಿಯೂ ಮೊದಲಿನಿಂದಲೇ ಶುರು.

ಗುಂಡಿ ಮುಚ್ಚುವುದು ಇಲಾಖೆಯ ಕೆಲಸ, ಇಡೀ ಬೀದಿಗೆ ಹೊಸ ಡಾಂಬರು ಬೇರೆ ಲೆಕ್ಕ. ಪ್ರತಿ ಆಲ್ಡರ್‌ಮನ್‌ಗೆ ವರ್ಷಕ್ಕೆ ಸುಮಾರು 15 ಲಕ್ಷ ಡಾಲರ್ ಸಿಗುತ್ತದೆ, ‘ಮೆನು ಮನಿ’ ಎಂದು ಅದರ ಹೆಸರು. ಬೀದಿ, ಓಣಿ, ದೀಪ, ರೋಡ್ ಹಂಪ್ ಇವುಗಳ ದರಪಟ್ಟಿ ನೋಡಿ ಅವರೇ ಆರಿಸಬೇಕು. ಕೇಳಲು ದೊಡ್ಡ ಮೊತ್ತ. ನಾಲ್ಕಾರು ಬೀದಿಗೆ ಡಾಂಬರು ಹಾಕುವಷ್ಟರಲ್ಲಿ ಗಣನೀಯವಾಗಿ ಕರಗುತ್ತದೆ. 49ನೇ ವಾರ್ಡಿನಲ್ಲಂತೂ ಈ ಹಣ ಯಾವುದಕ್ಕೆಂದು ನಿವಾಸಿಗಳೇ ಮತ ಹಾಕಿ ತೀರ್ಮಾನಿಸುವ ಪದ್ಧತಿ ಬಂತು. ನಮ್ಮ ವಾರ್ಡ್ ಸಭೆಗಳಲ್ಲಿ ಇದನ್ನು ಯಾರಾದರೂ ಕೇಳಿ ನೋಡಬೇಕು.

ಪ್ರಶ್ನೆ: ಗ್ರೀನ್ ಕಾರ್ಡ್ ಇರುವ ಮಗ ಅಲ್ಲಿ ಮತ ಹಾಕಬಹುದೇ?
— ಓದುಗರು, ಸಕಲೇಶಪುರ

ಉತ್ತರ: ಮೇಯರ್, ಆಲ್ಡರ್‌ಮನ್ ಚುನಾವಣೆಗೆ ಪೌರತ್ವ ಬೇಕೇಬೇಕು. ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ ಮತದಾರರ ನೋಂದಣಿಯ ಪ್ರಶ್ನೆ ಬಂದರೆ ಓದದೆ ‘ಹೌದು’ ಒತ್ತಬಾರದು. ಪೌರನೆಂದು ತಪ್ಪಾಗಿ ಹೇಳಿದ್ದು ದಾಖಲಾದರೆ ಮುಂದೆ ಪೌರತ್ವಕ್ಕೇ ಕುತ್ತು, ಗಡೀಪಾರಿನ ಮಾತೂ ಬರಬಹುದು. ಒಂದು ಬಾಗಿಲು ಮಾತ್ರ ತೆರೆದಿದೆ. ಮಗು ಸರ್ಕಾರಿ ಶಾಲೆಗೆ ಹೋಗುತ್ತಿದ್ದರೆ ಅಲ್ಲಿನ ‘ಲೋಕಲ್ ಸ್ಕೂಲ್ ಕೌನ್ಸಿಲ್’ ಚುನಾವಣೆಯಲ್ಲಿ ಪೋಷಕರು ಪೌರತ್ವವಿಲ್ಲದೆಯೂ ಮತ ಹಾಕಬಹುದು. 1988ರ ಕಾನೂನಿನಿಂದ ಬಂದ ಈ ಸಮಿತಿಗೆ ನಮ್ಮ ಎಸ್‌ಡಿಎಂಸಿಗಿಂತ ಹೆಚ್ಚಿನ ಬಲವಿದೆ: ಶಾಲೆಯ ಪ್ರಿನ್ಸಿಪಾಲರನ್ನು ನಾಲ್ಕು ವರ್ಷದ ಕರಾರಿಗೆ ಆರಿಸುವುದೇ ಅದು.