ಕೀನ್ಯಾದ ದ್ವೀಪನಗರ ಮೊಂಬಾಸಾದಲ್ಲಿ ಒಂದೇ ದಿನ ಸಿಕ್ಕರೆ ಏನು ನೋಡಬೇಕು?

ಬೆಳಿಗ್ಗೆಯೇ ಫೋರ್ಟ್ ಜೀಸಸ್‌ಗೆ ಹೋಗಿ; ಹನ್ನೊಂದರ ಮೇಲೆ ಅಂಗಳದಲ್ಲಿ ಬಿಸಿಲು, ಸೆಕೆ ಎರಡೂ ಜೋರು. ಪೋರ್ಚುಗೀಸರು 1593ರಲ್ಲಿ ಕಟ್ಟಲು ಶುರುಮಾಡಿದ ಈ ಕೋಟೆಯನ್ನು ಒಮಾನಿಗಳು 1696ರಿಂದ 1698ರವರೆಗೆ ಮುತ್ತಿಗೆ ಹಾಕಿ ಗೆದ್ದರು. ಗೋಡೆಯ ಹತ್ತಿರ ನಿಂತು ನೋಡಿ, ಅದು ಹವಳದ ಕಲ್ಲು. ನನ್ನ ಪ್ರಕಾರ ಅರ್ಧ ದಿನವನ್ನು ಇಲ್ಲಿಗೂ ಪಕ್ಕದ ಓಲ್ಡ್ ಟೌನ್‌ಗೂ ಕೊಡಲೇಬೇಕು. ಅಲ್ಲಿ ಕೆತ್ತನೆಯ ಬಾಗಿಲು, ಮರದ ಬಾಲ್ಕನಿಗಳಿರುವ ಇಕ್ಕಟ್ಟು ಗಲ್ಲಿಗಳಲ್ಲಿ ನಡೆದೇ ಸುತ್ತಿ. ಜನರ ಫೋಟೊವನ್ನು ಮಾತ್ರ ಕೇಳಿಯೇ ತೆಗೆಯಿರಿ. ಮೋಯಿ ಅವೆನ್ಯೂದ ಆನೆದಂತದ ಆಕಾರದ ಕಮಾನಿಗೆ ಹತ್ತು ನಿಮಿಷ ಸಾಕು.

ದ್ವೀಪದಿಂದ ದಕ್ಷಿಣ ದಡಕ್ಕೆ ದಾಟಿಸುವ ಲಿಕೋನಿ ಫೆರಿ ನಡೆದು ಹತ್ತುವವರಿಗೆ ಉಚಿತ, ಆದರೆ ಸಂಜೆ ವಿಪರೀತ ನೂಕುನುಗ್ಗಲು. ನೈರೋಬಿ ರೈಲು ಹಿಡಿಯುವವರು ಗಮನಿಸಿ: ನಿಲ್ದಾಣವಿರುವುದು ದ್ವೀಪದ ಹೊರಗೆ, ಮಿರಿಟಿನಿಯಲ್ಲಿ. ದಾರಿಯಲ್ಲಿ ಲಾರಿಗಳ ಜಾಮ್, ಅಲ್ಲಿ ಲಗೇಜ್ ತಪಾಸಣೆ. ಎರಡು ಗಂಟೆ ಮುಂಚೆಯೇ ಹೊರಡಿ.