ಬೇಲಿಯ ದಾಸವಾಳದ ಟೀ ಬಿಪಿಗೆ ಆಗುತ್ತದಾ? ಕೂದಲಿಗೆ?

ಮಡಿಕೇರಿಯ ಬಾಡಿಗೆ ಮನೆಯ ಬೇಲಿ ತುಂಬಾ ಕೆಂಪು ದಾಸವಾಳ ಇದೆ ಅಂದಿದ್ದೀರಿ. ಅದರ ಟೀ ಕುಡಿದರೆ ಬಿಪಿ ಇಳಿಯುತ್ತದಾ, ತಲೆಗೆ ಹಚ್ಚಿದರೆ ಕೂದಲು ಉದುರುವುದು ನಿಲ್ಲುತ್ತದಾ ಅಂತ ನಿಮ್ಮ ಪ್ರಶ್ನೆ. ನಾನು ಡಾಕ್ಟರ್ ಅಲ್ಲ. ಸೋಮವಾರಪೇಟೆ ಕಡೆಯ ತೋಟದ ಮನೆಯಲ್ಲಿ ದಾಸವಾಳದ ಲೋಳೆ ಹಚ್ಚಿಕೊಂಡೇ ಬೆಳೆದವಳು, ಅಷ್ಟೇ.

ಟೀ ವಿಷಯ ಮೊದಲು ಹೇಳಿಬಿಡುತ್ತೇನೆ. ಪ್ಯಾಕೆಟ್ಟಿನಲ್ಲಿ ಬರುವ ಹೈಬಿಸ್ಕಸ್ ಟೀ ನಿಮ್ಮ ಬೇಲಿಯ ಹೂವಲ್ಲ. ಅದು ಪುಂಡಿ ಜಾತಿಯ ಗಿಡದ್ದು. ಹೂವು ಬಾಡಿದ ಮೇಲೆ ಬುಡದಲ್ಲಿ ಉಳಿಯುವ ಕೆಂಪು, ದಪ್ಪ, ಹುಳಿ ಭಾಗವನ್ನು ಒಣಗಿಸಿರುತ್ತಾರೆ. ಬಿಪಿ ಪರೀಕ್ಷೆ ನಡೆದಿರುವುದು ಹೆಚ್ಚಾಗಿ ಅದರ ಮೇಲೆ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 65 ಜನರಿದ್ದರು. ಆರು ವಾರ, ದಿನಕ್ಕೆ ಮೂರು ಕಪ್ ಕುಡಿದವರ ಮೇಲಿನ ಬಿಪಿ ಸರಾಸರಿ 7ರಷ್ಟು ಇಳಿಯಿತು. ಬರೀ ಅದರ ರುಚಿ ಹಾಕಿದ ನೀರು ಕುಡಿದವರಿಗೆ 1ರಷ್ಟು. ಚೆನ್ನಾಗಿದೆ, ಆದರೆ ಅದನ್ನು ನಂಬಿ ಮಾತ್ರೆ ಬಿಡಬೇಡಿ. ಈಗಾಗಲೇ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪ್ಯಾಕೆಟ್ ಟೀ ಶುರು ಮಾಡುವ ಮುಂಚೆಯೂ ಡಾಕ್ಟರಿಗೆ ಒಂದು ಮಾತು ಹೇಳಿ.

ಬೇಲಿಯ ಹೂವಿನ ಟೀ ನಾನೂ ಮಾಡುತ್ತೇನೆ, ಬಣ್ಣದ ಆಸೆಗೆ. ಬಿಸಿ ನೀರಿಗೆ ನಾಲ್ಕು ಹೂವಿನ ಎಸಳು ಹಾಕಿ ಮುಚ್ಚಿಟ್ಟರೆ ಎಸಳು ಬಿಳಚಿಕೊಳ್ಳುತ್ತದೆ, ನೀರು ನೇರಳೆ ಆಗುತ್ತದೆ. ನಿಂಬೆ ಹಿಂಡಿದ ತಕ್ಷಣ ಕಣ್ಣೆದುರೇ ಕೆಂಪಗೆ ತಿರುಗುತ್ತದೆ. ಮಕ್ಕಳಿದ್ದರೆ ತೋರಿಸಿ, ಕುಣಿದಾಡುತ್ತಾರೆ. ರುಚಿ ಮಾತ್ರ ಸಪ್ಪೆ, ಸ್ವಲ್ಪ ಲೋಳೆ ಲೋಳೆ.

ಇನ್ನು ಕೂದಲು. ಇಲ್ಲಿ ಹೂವಿಗಿಂತ ಸೊಪ್ಪೇ ಮುಖ್ಯ. ನಮ್ಮ ಅಜ್ಜಿ ಹೂವನ್ನು ದೇವರಿಗೆ ಇಟ್ಟು ತಲೆಗೆ ಸೊಪ್ಪು ಕೊಯ್ಯುತ್ತಿದ್ದರು. 2003ರಲ್ಲಿ ಇಲಿಗಳ ಮೇಲೆ ಮಾಡಿದ ಒಂದು ಪ್ರಯೋಗದಲ್ಲೂ ಹೂವಿಗಿಂತ ಎಲೆಯ ಸಾರಕ್ಕೇ ಕೂದಲು ಚೆನ್ನಾಗಿ ಬೆಳೆದಿತ್ತು. ಇಲಿ ಇಲಿಯೇ, ಆದರೂ ಓದಿದಾಗ ಅಜ್ಜಿ ನೆನಪಾಗಿ ನಗು ಬಂತು.

ಮಾಡುವುದು ಹೀಗೆ. ಎರಡು ಹಿಡಿ ಎಳೆ ಸೊಪ್ಪು, ಬೇಕಾದರೆ ಮೂರ್ನಾಲ್ಕು ಹೂವು, ಒಂದು ಪಾತ್ರೆ ಉಗುರುಬೆಚ್ಚಗಿನ ನೀರು. ಕೈಯಲ್ಲೇ ಹಿಸುಕಿ. ಎರಡು ನಿಮಿಷಕ್ಕೆ ನೀರು ಬೆರಳಿನಿಂದ ದಾರದ ಹಾಗೆ ಇಳಿಯತೊಡಗುತ್ತದೆ, ಅದೇ ಹದ. ಬಟ್ಟೆಯಲ್ಲಿ ಸೋಸಲೇಬೇಕು. ನಾನೊಮ್ಮೆ ಅವಸರಕ್ಕೆ ಮಿಕ್ಸಿಗೆ ಹಾಕಿ ಸೋಸದೆ ಹಚ್ಚಿ, ಮದುವೆ ಮನೆಯಲ್ಲಿ ಜಡೆಯಿಂದ ಹಸಿರು ಚೂರು ಉದುರಿಸಿಕೊಂಡು ಓಡಾಡಿದ್ದೇನೆ. ಹತ್ತಿಪ್ಪತ್ತು ನಿಮಿಷ ಬಿಟ್ಟು ತೊಳೆಯಿರಿ. ಎಣ್ಣೆ ಜಿಡ್ಡು ಹಗುರಾಗಿ ಹೋಗುತ್ತದೆ, ಸಿಕ್ಕು ಬಿಡುತ್ತದೆ. ನಮ್ಮ ಮಳೆಗಾಲದಲ್ಲಿ ಸಂಜೆ ಮಾತ್ರ ಬೇಡ. ಒಲೆ ಮುಂದೆ ಕೂತರೂ ಕೂದಲು ಒಣಗಲ್ಲ.

ಕೊಬ್ಬರಿ ಎಣ್ಣೆಗೆ ಹೂವು ಹಾಕಿ ಕಾಯಿಸುವುದಾದರೆ ಹೂವನ್ನು ಮೊದಲು ನೆರಳಲ್ಲಿ ಒಣಗಿಸಿಕೊಳ್ಳಿ. ಜುಲೈನಲ್ಲಿ ಹಸಿ ಹೂವು ಹಾಕಿ ಅರ್ಧಂಬರ್ಧ ಕಾಯಿಸಿಟ್ಟ ನನ್ನ ಬಾಟಲಿಗೆ ತಿಂಗಳೊಳಗೆ ಬೂಸಲು ಬಂತು.

ಉದುರುವುದು ನಿಲ್ಲುತ್ತದಾ ಅಂದರೆ, ಲೋಳೆಯಿಂದ ಕೂದಲು ನಯವಾಗುತ್ತದೆ, ತುಂಡಾಗುವುದು ಕಮ್ಮಿ. ಬುಡದಿಂದಲೇ ಮುಷ್ಟಿ ಮುಷ್ಟಿ ಬರುತ್ತಿದ್ದರೆ ಥೈರಾಯ್ಡ್, ರಕ್ತಹೀನತೆ ನೋಡಿಸಿ. ಎರಡು ಮೂರು ತಿಂಗಳ ಹಿಂದೆ ಜೋರು ಜ್ವರ ಬಂದಿತ್ತಾ, ನೆನಪು ಮಾಡಿಕೊಳ್ಳಿ. ಹಾಗೆ ಉದುರಿದ್ದು ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ.

ಮನೆಯಲ್ಲಿ ಬಸುರಿ ಇದ್ದರೆ, ಅಥವಾ ಮಗು ಬೇಕೆಂದು ಕಾಯುತ್ತಿದ್ದರೆ ಈ ಹೂವನ್ನು ಹೊಟ್ಟೆಗೆ ಕೊಡಬೇಡಿ. ಗರ್ಭ ನಿಲ್ಲದಂತೆ ಮಾಡಿದ್ದು ಪ್ರಾಣಿಗಳ ಪ್ರಯೋಗದಲ್ಲಿ ಕಂಡಿದೆ. ತಲೆಗೆ ಹಚ್ಚುವುದಕ್ಕೆ ನಮ್ಮಲ್ಲಿ ಯಾರೂ ಬೇಡ ಅಂದದ್ದಿಲ್ಲ.

ಮತ್ತೆ, ನಿಮ್ಮ ಬೇಲಿಯ ಆಚೆ ಕಾಫಿ ತೋಟ ಇದೆಯಾ? ಇದ್ದರೆ ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಮೈಲುತುತ್ತು ಮತ್ತು ಸುಣ್ಣ. ಎಲೆ ಮೇಲೆ ತಿಳಿನೀಲಿ ಚುಕ್ಕೆ ಕಂಡರೆ ಆ ಕಡೆಯದ್ದು ಕೊಯ್ಯಬೇಡಿ, ರಸ್ತೆ ಕಡೆಯದ್ದೂ ಬೇಡ. ಅಂಗಳದ ಒಳಗೇ ಒಂದು ಕಡ್ಡಿ ನೆಟ್ಟುಬಿಡಿ. ಜೂನ್‌ನಲ್ಲಿ ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ.